ಷೀಲೆ: ಹೆಸರು ಬದಲಾದ ಅನಿಲದ ಕಥೆ

ಕಾರ್ಲ್ ವಿಲ್ಹೆಲ್ಮ್ ಷೀಲೆ 1742ರ ಡಿಸೆಂಬರ್ 9ರಂದು ಬಾಲ್ಟಿಕ್ ಸಮುದ್ರತೀರದ ಸ್ಟ್ರಾಲ್‌ಸುಂಡ್ ನಗರದಲ್ಲಿ ಜನಿಸಿದನು. ಇಂದು ಜರ್ಮನಿಗೆ ಸೇರಿರುವ ಆ ನಗರ ಅಂದು ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಮನೆಮಾತು ಜರ್ಮನ್, ದುಡಿಮೆಯ ನಾಡು ಸ್ವೀಡನ್. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಔಷಧಾಲಯವೊಂದರಲ್ಲಿ ಕೆಲಸ ಕಲಿಯತೊಡಗಿದ ಅವನು ಮಾಲ್ಮೋ, ಸ್ಟಾಕ್‌ಹೋಮ್, ಉಪ್ಸಾಲಾಗಳಲ್ಲಿ ದುಡಿದು, 1775ರಲ್ಲಿ ಷೋಪಿಂಗ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದನು. ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಅವನನ್ನು ಅದೇ ವರ್ಷ ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಮ್ಯಾಂಗನೀಸಿನ ಕಪ್ಪು ಅದಿರನ್ನು ಅವನು ಉಪ್ಪಿನಿಂದ ಪಡೆದ ಆಮ್ಲದೊಡನೆ ಕಾಯಿಸಿದಾಗ ಉಸಿರುಗಟ್ಟಿಸುವ, ಹಳದಿ ಮಿಶ್ರಿತ ಹಸುರು ಬಣ್ಣದ ಅನಿಲವೊಂದು ಹೊಮ್ಮಿತು. ಅದು ಹೂವುಗಳ ಬಣ್ಣವನ್ನೂ ಎಲೆಗಳ ಹಸುರನ್ನೂ ಅಳಿಸಿಹಾಕಿತು. ಉರಿಯುವ ವಸ್ತುಗಳಲ್ಲೆಲ್ಲ ಫ್ಲೋಜಿಸ್ಟನ್ ಎಂಬ ತತ್ತ್ವ ಅಡಗಿದೆಯೆಂಬುದು ಅಂದಿನ ನಂಬಿಕೆ. ಅದಿರು ಆಮ್ಲದಿಂದ ಆ ತತ್ತ್ವವನ್ನು ಕಸಿದುಕೊಂಡಿತೆಂದು ಬಗೆದ ಷೀಲೆ ಹೊಸ ಅನಿಲವನ್ನು ಫ್ಲೋಜಿಸ್ಟನ್ ಕಳೆದ ಉಪ್ಪಿನಾಮ್ಲವೆಂದು ಕರೆದು, 1774ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದನು. 1786ರ ಮೇ 21ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಮರುವರ್ಷವೇ ಫ್ರಾನ್ಸಿನಲ್ಲಿ ಲವಾಸಿಯೆ ಮತ್ತು ಅವನ ಸಂಗಡಿಗರು ಹೊಸ ನಾಮಕರಣಪದ್ಧತಿಯನ್ನು ಮುಂದಿಟ್ಟರು. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲವೆಂಬುದು ಅವರ ಮತ. ಆದ್ದರಿಂದ ಷೀಲೆಯ ಅನಿಲ ಆಕ್ಸಿಜನ್ ಕೂಡಿದ ಮ್ಯೂರಿಯಾಟಿಕ್ ಆಮ್ಲವಾಯಿತು. ಒಂದು ಹೆಸರು ಕಳೆದುದನ್ನು ಹೇಳಿದರೆ ಇನ್ನೊಂದು ಕೂಡಿದುದನ್ನು ಹೇಳಿತು. ವಸ್ತು ಮಾತ್ರ ಒಂದೇ. ಈ ಇಕ್ಕಟ್ಟು ಜರ್ಮನ್ ಅನುವಾದಕ ಹೆರ್ಮ್‌ಬ್‌ಸ್ಟೆಟ್‌ನಿಗೆ ನೇರವಾಗಿ ಎದುರಾಯಿತು. 1792ರಲ್ಲಿ ಲವಾಸಿಯೆಯ ಗ್ರಂಥವನ್ನು ಜರ್ಮನ್ನಿಗೆ ತಂದವನೂ 1793ರಲ್ಲಿ ಷೀಲೆಯ ಸಮಗ್ರ ಕೃತಿಗಳನ್ನು ಆ ಭಾಷೆಯಲ್ಲಿ ಸಂಪಾದಿಸಿದವನೂ ಅವನೇ.

1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಆ ಅನಿಲದಲ್ಲಿ ಆಕ್ಸಿಜನ್ ಇಲ್ಲವೆಂದೂ ಅದು ಮೂಲವಸ್ತುವೆಂದೂ ಸಾರಿ, ಹಸುರು ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಕ್ಲೋರಿನ್ ಎಂಬ ಹೆಸರಿಟ್ಟನು. ಜರ್ಮನ್ ಅದನ್ನು ಕ್ಲೋರ್ ಎಂದು ಸ್ವೀಕರಿಸಿತು. ಆದರೂ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಉಪ್ಪಿನಾಮ್ಲವೆಂಬರ್ಥದ ಜಾಲ್ಟ್ಸ್‌ಜೊಯ್ರೆ ಎಂಬ ಹಳೆಯ ದೇಶೀ ಪದವೇ ಇಂದಿಗೂ ಅಲ್ಲಿ ಉಳಿದಿದೆ.

ಷೀಲೆಯ ಬರಹವನ್ನು ಅನುವಾದಿಸುವಾಗ ಹಳೆಯ ಪದದ ಜಾಗದಲ್ಲಿ ಕ್ಲೋರ್ ಎಂದಿಟ್ಟರೆ ಅವನಿಗಿಲ್ಲದ ಅರಿವನ್ನು ಅವನಿಗೆ ಆರೋಪಿಸಿದಂತಾಗುತ್ತದೆ. ತಾನು ಕಂಡದ್ದು ಮೂಲವಸ್ತುವೆಂದು ಅವನು ತಿಳಿಯದೆಯೇ ಹೋದನು. ಹಳೆಯ ಪದವನ್ನು ಉಳಿಸಿ ಅರ್ಥವನ್ನು ಟಿಪ್ಪಣಿಯಲ್ಲಿ ಕೊಡುವುದೇ ಯೋಗ್ಯ. ಕನ್ನಡದ ಆಮ್ಲಜನಕವೂ ಜರ್ಮನ್ನಿನ ಜೌವರ್‌ಸ್ಟೋಫ್‌ನಂತೆ ಲವಾಸಿಯೆಯ ತಪ್ಪನ್ನು ಹೊತ್ತ ಪದವೇ. ಪದಗಳಲ್ಲಿ ಹುದುಗಿದ ಇಂಥ ತಪ್ಪುಗಳೂ ಅರಿವಿನ ಇತಿಹಾಸದ ಭಾಗವೆಂಬುದನ್ನು ಅನುವಾದಕರು ಮರೆಯಬಾರದು.