ವಾಗ್ಗೇಯಕಾರ ಪ್ರಭು

ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಜನಿಸಿದರು. 1940ರಲ್ಲಿ ಸಿಂಹಾಸನವನ್ನೇರಿದ ಅವರು ಮುಂದೆ ರಾಜಪ್ರಮುಖರಾಗಿಯೂ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದರು. ಆದರೆ ಅವರ ಅಂತರಂಗವನ್ನು ಆಳಿದುದು ಸಂಗೀತ.

ಎಳವೆಯಲ್ಲಿಯೇ ಅವರು ಪಿಯಾನೋ ವಾದನವನ್ನು ಅಭ್ಯಸಿಸಿ, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಮನ್ನಣೆಯನ್ನು ಪಡೆದರು. ಬಳಿಕ ಮೈಸೂರು ವಾಸುದೇವಾಚಾರ್ಯರಂತಹ ವಿದ್ವಾಂಸರ ಸಂಗದಲ್ಲಿ ಕರ್ನಾಟಕ ಸಂಗೀತದತ್ತ ಒಲಿದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು.

ಆ ದಿನಗಳಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತ ರಚನಕಾರರು ಇಂಗ್ಲೆಂಡಿನಲ್ಲಿ ನೆಲಸಿದ್ದರು. ವೃದ್ಧಾಪ್ಯ ಮತ್ತು ಹೃದ್ರೋಗಗಳಿಂದ ಅವರು ಬಳಲುತ್ತಿದ್ದರು. ಜಗತ್ತು ಅವರನ್ನು ಬಹುಮಟ್ಟಿಗೆ ಮರೆತಿತ್ತು. ಒಡೆಯರು ಮೆಟ್ನರ್ ಸಂಘದ ಸ್ಥಾಪನೆಗೆ ಹಣವನ್ನಿತ್ತು, ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ನೆರವಾದರು. ಕೃತಜ್ಞರಾದ ಮೆಟ್ನರರು ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಒಡೆಯರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಜರ್ಮನಿಯ ರಿಚರ್ಡ್ ಸ್ಟ್ರೌಸರು 1949ರಲ್ಲಿ ನಿಧನರಾದ ಮೇಲೆ, ಅವರ ಕಡೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗವು 1950ರ ಮೇ 22ರಂದು ಲಂಡನ್ನಿನಲ್ಲಿ ನಡೆಯಿತು. ಅದರ ವೆಚ್ಚಕ್ಕೂ ಒಡೆಯರೇ ಹೊಣೆಯಾಗಿ ನಿಂತರು.

1974ರ ಸೆಪ್ಟೆಂಬರ್ 23ರಂದು ಒಡೆಯರು ಕಾಲವಾದರು. ಅನಂತರವೂ ಮೆಟ್ನರರ ಹಳೆಯ ಮುದ್ರಿಕೆಗಳು ಹೊಸ ರೂಪದಲ್ಲಿ ಹೊರಬಂದಾಗ ವಿದೇಶೀ ಪತ್ರಿಕೆಗಳು ಒಡೆಯರನ್ನು ಸ್ಮರಿಸಿದವು. ಆದರೆ ಆ ಬರಹಗಳಲ್ಲಿ ಕಾಣುವವರು ಹೆಚ್ಚಾಗಿ ಉದಾರಿಯಾದ ಅರಸರು, ವಾಗ್ಗೇಯಕಾರರು ಅಪರೂಪ. ಇದು ದ್ವೇಷದಿಂದಾದುದಲ್ಲ. ಕಿವಿಗೆ ಬಿದ್ದುದನ್ನು ಮಾತ್ರ ವಿಮರ್ಶಕನು ತೂಗಬಲ್ಲನು. ಮೆಟ್ನರರ ಸಂಗೀತವು ಮುದ್ರಿಕೆಗಳ ಮೂಲಕ ಅಲ್ಲಿನ ಮನೆಗಳನ್ನು ಸೇರಿತು. ಒಡೆಯರ ಕೃತಿಗಳಾದರೋ ಇಲ್ಲಿನ ಗುರುಗಳ ಪಾಠದಲ್ಲಿಯೂ ಕಚೇರಿಗಳಲ್ಲಿಯೂ ಉಳಿದವು. ಆಲ್ದೂರಿನ ಗುಡ್ಡಗಳ ಕಾಫಿಯನ್ನು ಸವಿಯುವ ಪರದೇಶೀಯನಿಗೆ ಆ ಊರಿನ ಹೆಸರು ತಿಳಿಯದಿರಬಹುದು, ಇದೂ ಹಾಗೆಯೇ.

ಪರರ ಪತ್ರಿಕೆಯು ಕನ್ನಡಿಯೇ ಹೌದು. ಆದರೆ ತನ್ನ ಎದುರಿಗೆ ಬಂದ ಮುಖವನ್ನಷ್ಟೇ ಅದು ತೋರಿಸುತ್ತದೆ. ಒಡೆಯರ ಅಠಾಣ ರಾಗದ ಗಣಪತಿ ಕೃತಿಯನ್ನು ಇಂದಿಗೂ ನಮ್ಮ ಗಾಯಕರು ಹಾಡುತ್ತಾರೆ. ಮರೆತುಹೋಗಲಿದ್ದ ಪರದೇಶದ ಕಲಾವಿದನೊಬ್ಬನನ್ನು ಉಳಿಸಿದ ಆ ಪ್ರಭುವಿನ ಕೃತಿಗಳನ್ನು ಕಲಿತು, ಹಾಡಿ, ಉಳಿಸಬೇಕಾದ ಹೊಣೆ ನಮ್ಮದು.