ಕನ್ನಡದ ಮೊದಲ ಗೋವೈದ್ಯ ಕೀರ್ತಿವರ್ಮ

ಹಾನಗಲ್ಲು, ಹಿರೇಕೆರೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹಳೆಯ ವೀರಗಲ್ಲುಗಳಿವೆ. ಕೆಲವು ಗುಡಿಯ ಅಂಗಳದಲ್ಲಿ ನಿಂತಿವೆ, ಕೆಲವು ಕೆರೆಯ ಏರಿಯ ಮೇಲೆ ಬಿದ್ದಿವೆ. ಅವುಗಳಲ್ಲಿ ಕೆಲವನ್ನು ಬಗ್ಗಿ ನೋಡಿದರೆ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲೂ ಅವುಗಳ ಮುಂದೆ ಆಯುಧ ಹಿಡಿದು ಹೋರಾಡುವ ವೀರನೂ ಕಾಣಿಸುತ್ತಾರೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಆತನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಆತನು ಶಿವಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಊರ ದನಗಳನ್ನು ಹಿಡಿದೊಯ್ಯಲು ಬಂದವರೊಡನೆ ಕಾದಿ ಮಡಿದವನಿಗೆ ನಮ್ಮ ಹಿರಿಯರು ಸಲ್ಲಿಸಿದ ಗೌರವವಿದು. ದನವೇ ಧನವಾಗಿದ್ದ ಕಾಲದಲ್ಲಿ ಅದನ್ನು ಉಳಿಸುವುದಕ್ಕಾಗಿ ಪ್ರಾಣ ಕೊಡುವುದು ದೊಡ್ಡ ಪುಣ್ಯವೆನಿಸಿತ್ತು.

ಆದರೆ ದನಗಳ್ಳನಿಗಿಂತ ಕ್ರೂರನಾದ ಇನ್ನೊಬ್ಬ ಶತ್ರುವಿದ್ದನು. ಅವನಿಗೆ ಮುಖವಿಲ್ಲ, ಕುದುರೆಯಿಲ್ಲ. ಅವನು ರಾತ್ರಿ ಕೊಟ್ಟಿಗೆಯನ್ನು ಹೊಕ್ಕರೆ ಬೆಳಗಾಗುವುದರೊಳಗೆ ಜೋಡೆತ್ತಿನಲ್ಲಿ ಒಂದು ನೆಲಕ್ಕೆ ಒರಗಿರುತ್ತಿತ್ತು. ಆ ಶತ್ರುವೇ ರೋಗ. ಅದರೆದುರು ಕತ್ತಿಯಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದುದು ತಿಳಿವಳಿಕೆ. ಆ ತಿಳಿವಳಿಕೆಯನ್ನು ಕೂಡಿಸಿ, ದನಗಳ ಚಿಕಿತ್ಸೆಗೆಂದೇ ಕನ್ನಡದಲ್ಲಿ ಮೊಟ್ಟಮೊದಲು ಒಂದು ಗ್ರಂಥವನ್ನು ಬರೆದವನು ಕಲ್ಯಾಣದ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮ. ಆ ಗ್ರಂಥದ ಹೆಸರು ಗೋವೈದ್ಯ.

ಕೀರ್ತಿವರ್ಮನೆಂಬ ಹೆಸರು ನಮ್ಮ ನಾಡಿನ ಇತಿಹಾಸದಲ್ಲಿ ಹೊಸದಲ್ಲ. ಬಾದಾಮಿಯ ಚಾಳುಕ್ಯರಲ್ಲಿ ಆ ಹೆಸರಿನ ಅರಸರಿದ್ದರು. ನಮ್ಮ ಹಾನಗಲ್ಲಿನ ಕದಂಬರಲ್ಲಿಯೂ ಒಬ್ಬ ಕೀರ್ತಿವರ್ಮನಿದ್ದನು. ನಾನು ಹೇಳಹೊರಟಿರುವ ಕೀರ್ತಿವರ್ಮನು ಅವರಿಗಿಂತ ಬೇರೆಯವನು. ಈತನ ತಂದೆ ತ್ರೈಲೋಕ್ಯಮಲ್ಲ, ಆಹವಮಲ್ಲ ಎಂಬ ಬಿರುದುಗಳಿದ್ದ ಒಂದನೆಯ ಸೋಮೇಶ್ವರ. ಈತನ ಅಣ್ಣ ಆರನೆಯ ವಿಕ್ರಮಾದಿತ್ಯ. ತಂದೆಯು ಕ್ರಿ. ಶ. ೧೦೪೨ರಿಂದ ೧೦೬೮ರವರೆಗೆ ಆಳಿದನು. ಕಲ್ಯಾಣವನ್ನು, ಎಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವನ್ನು, ರಾಜಧಾನಿಯಾಗಿ ಬೆಳೆಸಿದವನು ಆತನೇ.

ಆಹವಮಲ್ಲನ ರಾಣಿಯರಲ್ಲಿ ಕೇತಲದೇವಿಯೂ ಒಬ್ಬಳು. ಆಕೆ ಪೊನ್ನವಾಡವೆಂಬ ಅಗ್ರಹಾರವನ್ನು ಆಳುತ್ತಿದ್ದಳು. ಅದು ಇಂದಿನ ವಿಜಯಪುರ ಜಿಲ್ಲೆಯ ಹೊನವಾಡ. ಆಕೆ ಜೈನಧರ್ಮದಲ್ಲಿ ಭಕ್ತಿಯುಳ್ಳವಳು, ಬಸದಿಗಳಿಗೆ ಆಶ್ರಯವಿತ್ತವಳು. ಕೀರ್ತಿವರ್ಮನು ಈಕೆಯ ಮಗನೆಂಬುದು ವಿದ್ವಾಂಸರ ಅಭಿಪ್ರಾಯ. ಪೊನ್ನವಾಡದ ಬಸದಿಗೆ ದತ್ತಿಯಾದುದು ೧೦೫೪ರಲ್ಲಿ. ಅದೇ ವರ್ಷದಲ್ಲಿ ಕೊಪ್ಪದ ಯುದ್ಧ ನಡೆಯಿತೆಂದು ಚರಿತ್ರಕಾರರು ಹೇಳುತ್ತಾರೆ. ಚೋಳರ ರಾಜಾಧಿರಾಜನು ರಣರಂಗದಲ್ಲಿಯೇ ಮಡಿದ ಘೋರ ಯುದ್ಧವದು. ಒಂದು ಕಡೆ ತಂದೆಯ ರಣಕಹಳೆ, ಇನ್ನೊಂದು ಕಡೆ ತಾಯಿಯ ಬಸದಿಯ ಘಂಟಾನಾದ. ಈ ಎರಡರ ನಡುವೆ ಬೆಳೆದ ರಾಜಪುತ್ರನೆಂದು ಕೀರ್ತಿವರ್ಮನನ್ನು ನಾವು ಭಾವಿಸಬಹುದು.

ಆತನ ಬಿರುದುಗಳಲ್ಲಿಯೂ ಈ ಎರಡು ದನಿಗಳು ಕೇಳಿಬರುತ್ತವೆ. ವೈರಿಕರಿಹರಿ ಎಂಬುದು ಒಂದು. ಶತ್ರುಗಳೆಂಬ ಆನೆಗಳಿಗೆ ಸಿಂಹದಂತಿರುವವನು ಎಂದು ಇದರ ಅರ್ಥ. ಸಮ್ಯಕ್ತ್ವರತ್ನಾಕರ ಎಂಬುದು ಇನ್ನೊಂದು. ಇದು ಜೈನಶ್ರದ್ಧೆಯನ್ನು ಸೂಚಿಸುವಂಥದು. ವೈದ್ಯವಿದ್ಯೆಯ ಹೆಸರಿನ ಬಿರುದೂ ಆತನಿಗಿತ್ತು. ಆತನ ಗುರು ದೇವಚಂದ್ರನೆಂಬ ಮುನಿ. ಇರುವೆಗೂ ನೋವಾಗದಂತೆ ನಡೆಯಬೇಕೆಂದು ಬೋಧಿಸುವ ಧರ್ಮದ ಗುರುವಿನ ಬಳಿ ಕಲಿತವನಿಗೆ ಕೊಟ್ಟಿಗೆಯಲ್ಲಿ ನರಳುವ ಮೂಕಪ್ರಾಣಿಯ ಸಂಕಟ ತನ್ನದೆಂದು ತೋರಿದ್ದರೆ ಆಶ್ಚರ್ಯವೇನು?

೧೦೬೮ರಲ್ಲಿ ಆಹವಮಲ್ಲನು ವಾಸಿಯಾಗದ ಬೇನೆಗೆ ತುತ್ತಾದನು. ಯಾವ ವೈದ್ಯರಿಂದಲೂ ಗುಣ ಕಾಣದೆ ತುಂಗಭದ್ರೆಯ ದಂಡೆಯ ಕುರುವತ್ತಿಗೆ ಬಂದು, ನದಿಯಲ್ಲಿಳಿದು, ಜಲಸಮಾಧಿಯಾದನು. ದಕ್ಷಿಣಾಪಥವನ್ನು ನಡುಗಿಸಿದ ಚಕ್ರವರ್ತಿಯೂ ರೋಗಕ್ಕೆ ಮಣಿಯಬೇಕಾಯಿತು. ಮನೆಯಲ್ಲಿಯೇ ಕಂಡ ಈ ನೋವು ಕೀರ್ತಿವರ್ಮನನ್ನು ವೈದ್ಯಶಾಸ್ತ್ರದ ಕಡೆಗೆ ತಿರುಗಿಸಿತೋ ಏನೋ. ಆ ಕಾಲದ ಕಥೆಯನ್ನು ಓದುವಾಗ ನನ್ನ ಮನಸ್ಸಿಗೆ ಹಾಗೆನ್ನಿಸುತ್ತದೆ.

ತಂದೆಯ ತರುವಾಯ ಅಣ್ಣತಮ್ಮಂದಿರ ಕಲಹ ಮೊದಲಾಯಿತು. ಹಿರಿಯನಾದ ಎರಡನೆಯ ಸೋಮೇಶ್ವರನನ್ನು ತಳ್ಳಿ ವಿಕ್ರಮಾದಿತ್ಯನು ೧೦೭೬ರಲ್ಲಿ ಸಿಂಹಾಸನವನ್ನೇರಿದನು; ತನ್ನ ಹೆಸರಿನ ಹೊಸ ಶಕೆಯನ್ನೇ ಆರಂಭಿಸಿದನು. ಬನವಾಸಿಯ ಕಡೆಯ ಅಧಿಕಾರ ಪಡೆದಿದ್ದ ತಮ್ಮ ಜಯಸಿಂಹನು ಕೆಲವು ವರ್ಷಗಳಲ್ಲಿ ತಿರುಗಿಬಿದ್ದು ಸೋತನು. ಕಾಶ್ಮೀರದಿಂದ ಬಂದ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಇದನ್ನೆಲ್ಲ ವರ್ಣಿಸಿದ್ದಾನೆ. ಆ ಕಾವ್ಯದ ತುಂಬ ಓಡಾಡುವ ಸೋದರರು ಸೋಮೇಶ್ವರ, ವಿಕ್ರಮಾದಿತ್ಯ, ಜಯಸಿಂಹ ಈ ಮೂವರೇ. ಗದ್ದುಗೆಗಾಗಿ ಕಾದಾಡಿದವರ ಕಥೆಯಲ್ಲಿ ದನಗಳ ಬೇನೆಗೆ ಮದ್ದು ಬರೆದವನಿಗೆ ಎಡೆಯಾದರೂ ಎಲ್ಲಿಂದ ಬರಬೇಕು?

ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳಿಕೆಯಲ್ಲಿ ಕಲ್ಯಾಣವು ವಿದ್ವಾಂಸರ ತವರಾಯಿತು. ಬಿಲ್ಹಣನು ಬರೆದುದು ಸಂಸ್ಕೃತದಲ್ಲಿ. ಇಂದಿಗೂ ನ್ಯಾಯಾಲಯಗಳಲ್ಲಿ ಹೆಸರು ಕೇಳಿಬರುವ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದುದೂ ಸಂಸ್ಕೃತದಲ್ಲಿಯೇ. ಹೊರನಾಡುಗಳಲ್ಲಿ ಕೀರ್ತಿ ಬೇಕಾದವರಿಗೆ ಅದು ರಾಜಮಾರ್ಗ. ರಾಜಪುತ್ರನಾದ ಕೀರ್ತಿವರ್ಮನಿಗೆ ಆ ಮಾರ್ಗ ಮುಚ್ಚಿರಲಿಲ್ಲ. ಆದರೂ ಆತನು ಕನ್ನಡದಲ್ಲಿ ಬರೆದನು. ಸಾಹಿತ್ಯ ಚರಿತ್ರೆಕಾರರು ಗೋವೈದ್ಯದ ಕಾಲವನ್ನು ಸುಮಾರು ೧೧೨೫ ಎಂದು ಗೊತ್ತುಮಾಡುತ್ತಾರೆ. ತಂದೆ ತೀರಿದುದು ೧೦೬೮ರಲ್ಲಾದುದರಿಂದ, ಆ ಹೊತ್ತಿಗೆ ಕೀರ್ತಿವರ್ಮನು ಅರುವತ್ತರ ಹತ್ತಿರದವನು, ಇಲ್ಲವೆ ಅದನ್ನೂ ದಾಟಿದವನು. ಅಂದಮೇಲೆ ಗೋವೈದ್ಯವು ಬಿಸಿರಕ್ತದ ಯುವಕನ ಕೃತಿಯಲ್ಲ, ಬಾಳನ್ನು ಕಂಡುಂಡ ಹಿರಿಯನ ಕೃತಿ.

ಆತನ ವಂಶದಲ್ಲಿ ಇಂಥ ಕೆಲಸಕ್ಕೆ ಮೇಲ್ಪಂಕ್ತಿಯಿತ್ತು. ಆತನ ಅಜ್ಜ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನೆಂಬವನು ಲೋಕೋಪಕಾರವನ್ನು ಬರೆದಿದ್ದನು. ಅಂತರ್ಜಲವನ್ನು ಕಾಣುವುದು, ಗಿಡಮರಗಳನ್ನು ಸಾಕುವುದು, ಅಡಿಗೆ, ಮದ್ದು ಮೊದಲಾದ ನಿತ್ಯಜೀವನದ ಸಂಗತಿಗಳು ಅದರಲ್ಲಿವೆ. ೧೦೪೯ರಲ್ಲಿ ಶ್ರೀಧರಾಚಾರ್ಯನು ಜಾತಕತಿಲಕವನ್ನು ಬರೆದು ಕನ್ನಡದಲ್ಲಿ ಜ್ಯೋತಿಷವನ್ನು ತಂದನು. ಕೀರ್ತಿವರ್ಮನ ತರುವಾಯ ಜಗದ್ದಳ ಸೋಮನಾಥನು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದೆಂಬ ಅಳುಕು ನಮ್ಮ ಹಿರಿಯರಿಗೆ ಇರಲಿಲ್ಲವೆಂಬುದಕ್ಕೆ ಇವೆಲ್ಲ ಸಾಕ್ಷಿ.

ಗೋವೈದ್ಯದಲ್ಲಿ ಔಷಧಗಳೂ ಇವೆ, ಮಂತ್ರಗಳೂ ಇವೆ. ಇದನ್ನು ಮುಚ್ಚಿಡಬೇಕಾಗಿಲ್ಲ, ನಗಬೇಕಾಗಿಯೂ ಇಲ್ಲ. ಕಣ್ಣಿಗೆ ಕಾಣದ ರೋಗಾಣುವಿನ ಸಂಗತಿ ಜಗತ್ತಿನಲ್ಲಿ ಯಾರಿಗೂ ತಿಳಿಯದಿದ್ದ ಕಾಲವದು. ಸೊಪ್ಪು, ಬೇರು, ತೊಗಟೆಗಳಿಗೆ ಬಗ್ಗಿದ ಬೇನೆಗೆ ಮದ್ದು. ಬಗ್ಗದ ಬೇನೆಗೆ ಮಂತ್ರ. ನಮ್ಮ ಮನೆಯಲ್ಲಿಯೂ ಅಜ್ಜಿಯ ಕಾಲದವರೆಗೆ ಹೀಗೆಯೇ ನಡೆದಿತ್ತು. ಕಾಲುಬಾಯಿ ಬೇನೆ ಬಂದರೆ ಎತ್ತಿನ ಕಾಲಿಗೆ ಬೇವಿನೆಣ್ಣೆ ಹಚ್ಚುವುದೂ ಉಂಟು, ಊರ ದ್ಯಾಮವ್ವನಿಗೆ ಹರಕೆ ಹೊರುವುದೂ ಉಂಟು. ದನ ಉಳಿಯಬೇಕೆಂಬ ಹಂಬಲ ಎರಡರಲ್ಲಿಯೂ ಒಂದೇ.

ಕೀರ್ತಿವರ್ಮನ ಕೊನೆಯ ದಿನಗಳ ಸುದ್ದಿ ಯಾವ ಶಾಸನದ ಮೂಲಕವೂ ನಮ್ಮ ಪಠ್ಯಗಳಿಗೆ ಬಂದಿಲ್ಲ. ಅಣ್ಣ ವಿಕ್ರಮಾದಿತ್ಯನು ೧೧೨೬ರಲ್ಲಿ ತೀರಿಕೊಂಡನು. ಆ ಶತಮಾನ ಮುಗಿಯುವುದರೊಳಗೆ ಚಾಳುಕ್ಯರ ಸಾಮ್ರಾಜ್ಯವೇ ಅಳಿಯಿತು. ಆದರೆ ಪರೋಪಕಾರದ ಆ ದೀಪ ನಂದಲಿಲ್ಲ. ಹಿರೇಕೆರೂರಿಗೆ ಹತ್ತಿರದ ಬಳ್ಳಿಗಾವೆಯ ಕೋಡಿಯಮಠದಲ್ಲಿ ವಿದ್ಯಾದಾನ, ಅನ್ನದಾನಗಳೊಡನೆ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರೆಂದು ೧೧೬೨ರ ಶಾಸನ ತಿಳಿಸುತ್ತದೆ. ಕಾಲಾಂತರದಲ್ಲಿ, ೧೯೦೭ರಲ್ಲಿ ಮೊದಲ ಸಂಪುಟವಾಗಿ ಹೊರಬಂದ ಕರ್ಣಾಟಕ ಕವಿಚರಿತೆಯಲ್ಲಿ ಆರ್. ನರಸಿಂಹಾಚಾರ್ಯರು ಈ ರಾಜಪುತ್ರನನ್ನು ಕವಿಗಳ ಸಾಲಿನಲ್ಲಿ ನಿಲ್ಲಿಸಿ ನಮಗೆ ಪರಿಚಯಿಸಿದರು.

ಮಂತ್ರಕ್ಕೆ ಬಗ್ಗದ ಬೇನೆಗಳನ್ನು ಬಗ್ಗಿಸುವ ದಾರಿ ಜಗತ್ತಿಗೆ ದೊರೆತುದು ಗೋವೈದ್ಯವಾಗಿ ಏಳುನೂರೈವತ್ತು ವರ್ಷಗಳ ಮೇಲೆ. ೧೮೮೧ರಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರನು ನೆರಡಿ ರೋಗಕ್ಕೆ ಲಸಿಕೆ ಹಾಕಿದ ಕುರಿಗಳು ಬದುಕುವುದನ್ನೂ ಹಾಕದವು ಸಾಯುವುದನ್ನೂ ಜನರೆದುರಿಗೆ ತೋರಿಸಿಕೊಟ್ಟನು. ೧೮೮೯ರಲ್ಲಿ ಪುಣೆಯಲ್ಲಿ ನಮ್ಮ ದೇಶದ ಪಶುರೋಗ ಸಂಶೋಧನಾಲಯ ಆರಂಭವಾಗಿ, ೧೮೯೩ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಊರೂರುಗಳ ದನಗಳನ್ನು ಗುಡಿಸಿಹಾಕುತ್ತಿದ್ದ ದೊಡ್ಡರೋಗವನ್ನು ಕಿತ್ತೊಗೆಯಲು ೧೯೫೪ರಿಂದ ದೇಶದಾದ್ಯಂತ ಲಸಿಕೆ ಹಾಕತೊಡಗಿದರು. ೨೦೦೬ರಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಮನ್ನಣೆ ಪಡೆಯಿತು. ೨೦೧೧ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಪೂರ್ತಿಯಾಗಿ ಅಳಿದ ಎರಡನೆಯ ರೋಗವದು.

ಇಷ್ಟಾದರೂ ಕೀರ್ತಿವರ್ಮನ ಕೆಲಸ ಮುಗಿಯಿತೆಂದು ಹೇಳುವಂತಿಲ್ಲ. ೨೦೨೨ರಲ್ಲಿ ನಮ್ಮ ಭಾಗದಲ್ಲಿ ಚರ್ಮಗಂಟು ರೋಗ ಹಬ್ಬಿತು. ನಮ್ಮ ಹಸುವಿನ ಮೈಮೇಲೆ ಗಂಟುಗಳೆದ್ದಾಗ ಅಪ್ಪನು ಅದು ಉಷ್ಣದ ಗುಳ್ಳೆಯೆಂದು ತಿಳಿದನು. ಹಸುವನ್ನೂ ಅದರ ಕರುವನ್ನೂ ಎಂದಿನಂತೆ ಒಂದೇ ಗ್ವಾದಲಿಗೆ ಕಟ್ಟಿದ್ದೆವು. ಊರಲ್ಲಿ ಹಂಚಿದ ಕನ್ನಡದ ಒಂದು ಕರಪತ್ರ ಮನೆಗೂ ಬಂದಿತ್ತು. ಅಪ್ಪನಿಗೆ ಓದು ಬಾರದು. ಅವ್ವ ಅದನ್ನು ಮಡಚಿ ಗೂಡಿನಲ್ಲಿ ಇಟ್ಟಿದ್ದಳು. ನಾಲ್ಕು ದಿನದ ಮೇಲೆ ಅದು ನನ್ನ ಕೈಗೆ ಸಿಕ್ಕಿತು. ರೋಗದ ದನವನ್ನು ಬೇರೆ ಕಟ್ಟಬೇಕು, ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಇದು ಹರಡುತ್ತದೆ, ಹೊಗೆ ಹಾಕಿ ಕೊಟ್ಟಿಗೆಯನ್ನು ಒಣಗಿಸಿ ಇಡಬೇಕು ಎಂದು ಅದರಲ್ಲಿತ್ತು. ನಾನು ಗಟ್ಟಿಯಾಗಿ ಓದಿದೆ, ಅಪ್ಪನು ಕೇಳಿದನು, ಎದ್ದು ಹೋಗಿ ಕರುವನ್ನು ಬೇರೆ ಕಟ್ಟಿದನು. ಹಸು ಉಳಿಯಿತು. ಕರು ಉಳಿಯಲಿಲ್ಲ. ಆ ನಾಲ್ಕು ದಿನಗಳು ಇಂದಿಗೂ ನನ್ನನ್ನು ಕಾಡುತ್ತವೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಓದಬಲ್ಲವಳು ಮನೆಯಲ್ಲಿದ್ದೂ ಆ ಕಾಗದ ನಾಲ್ಕು ದಿನ ಮೂಕವಾಗಿ ಕುಳಿತಿತ್ತಲ್ಲ!

ಆದುದರಿಂದ ಹಳ್ಳಿಯಿಂದ ಬಂದ ನನ್ನ ಸಹಪಾಠಿಗಳಲ್ಲಿ ಒಂದು ಬಿನ್ನಹ. ಸವಣೂರು, ಶಿಗ್ಗಾಂವಿಗಳ ಕಡೆಯಿಂದಲೂ ನಮ್ಮಲ್ಲಿ ಬರುವವರಿದ್ದೀರಿ. ರಜೆಗೆ ಹೋದಾಗ ಮನೆಯವರಿಗೆ ಈ ನಾಲ್ಕು ಮಾತುಗಳನ್ನು ಹೇಳಿರಿ. ಗಳಲೆ ಬೇನೆ, ಚಪ್ಪೆ ಬೇನೆಗಳ ಲಸಿಕೆಯನ್ನು ಮುಂಗಾರು ಹಿಡಿಯುವ ಮೊದಲೇ ಹಾಕಿಸಬೇಕು. ಕಾಲುಬಾಯಿ ಬೇನೆಯ ಲಸಿಕೆಯನ್ನು ಒಮ್ಮೆ ಹಾಕಿಸಿ ಸುಮ್ಮನಾಗದೆ, ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಸಂತೆಯಿಂದ ತಂದ ದನವನ್ನು ಕೆಲವು ವಾರಗಳವರೆಗೆ ಮನೆಯ ದನಗಳೊಡನೆ ಬೆರೆಸಬಾರದು. ನೆರಡಿಯಿಂದ ಸತ್ತಿರಬಹುದೆಂಬ ಅನುಮಾನವಿರುವ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಪಶುವೈದ್ಯರಿಗೆ ತಿಳಿಸಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಏಕೆಂದರೆ ಆ ರೋಗದ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಮನುಷ್ಯರಿಗೂ ತಗಲುತ್ತದೆ.

ದೀಪಾವಳಿಯಲ್ಲಿ ನಮ್ಮ ಸೀಮೆಯ ಹೋರಿಗಳು ಕೊರಳ ತುಂಬ ಕೊಬ್ಬರಿಸರ ಕಟ್ಟಿಕೊಂಡು ಓಡುವಾಗ ಊರೆಲ್ಲ ಕೂಗಿ ಕುಣಿಯುತ್ತದೆ. ಅದೇ ಹೋರಿ ಮೇವು ಬಿಟ್ಟು ಮಲಗಿದ ದಿನ ಅದರ ಬಳಿ ಕುಳಿತುಕೊಳ್ಳುವವನು ಒಡೆಯನೊಬ್ಬನೇ. ಒಂಬೈನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿಯ ಮಗನು ಆ ಒಡೆಯನ ಪಕ್ಕದಲ್ಲಿ ಹೋಗಿ ಕುಳಿತನು. ಆತನಿಗೆ ತಿಳಿಯುವ ಮಾತಿನಲ್ಲಿ ತನಗೆ ತಿಳಿದುದನ್ನು ಹೇಳಿದನು. ಪದವಿ ಪಡೆದು ಊರಿಗೆ ಮರಳುವ ನಾವು ಅಷ್ಟನ್ನಾದರೂ ಮಾಡಿದರೆ ಕೀರ್ತಿವರ್ಮನ ಋಣ ಸ್ವಲ್ಪವಾದರೂ ತೀರೀತು.