ಕಣ್ಣಿಗೆ ಕಾಣದ ಸೀಟುಗಳನ್ನು ಲೆಕ್ಕ ಹಾಕಿದ ವಿಜ್ಞಾನಿ



ಬಟ್ಟೆ ಒಗೆಯೋ ಸೋಪಿನ ಪುಡಿಗೂ ಸೀಮೆಎಣ್ಣೆಗೂ ಸಂಬಂಧ ಇದೆ ಅಂದ್ರೆ ನಂಬ್ತೀರಾ? ಅದನ್ನು ತಿಳಿಯಲು ಮೊದಲು ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ಮಹಾನ್ ವಿಜ್ಞಾನಿಯ ಬಗ್ಗೆ ತಿಳಿಯೋಣ.

ಇವರು 1881ನೇ ಇಸವಿ ಜನವರಿ 31ರಂದು ಅಮೆರಿಕಾ ದೇಶದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಚಿಕ್ಕಂದಿನಲ್ಲಿ ಇವರಿಗೆ ದೃಷ್ಟಿ ಮಂದ. 11 ವರ್ಷ ಆಗೋವರೆಗೂ ಇದು ಯಾರಿಗೂ ಗೊತ್ತಾಗಲಿಲ್ಲ. ದೃಷ್ಟಿ ಸರಿಪಡಿಸಿದ ಮೇಲೆ ಮೊದಲು ಕಾಣದಿದ್ದ ಸಣ್ಣ ಸಣ್ಣ ವಸ್ತುಗಳೆಲ್ಲ ಕಂಡವು. ಅಣ್ಣ ಆರ್ಥರ್ ಮಲಗುವ ಕೋಣೆಯ ಮೂಲೆಯಲ್ಲೇ ಒಂದು ಪುಟ್ಟ ಪ್ರಯೋಗಶಾಲೆ ಮಾಡಿಕೊಳ್ಳಲು ಸಹಾಯ ಮಾಡಿದರು. 1906ರಲ್ಲಿ ಇವರು ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದರು. 1909ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಗೆ ಸೇರಿದರು.

ಆಗಿನ ಬಲ್ಬಿನೊಳಗೆ ಗಾಳಿ ಇರುತ್ತಿರಲಿಲ್ಲ. ಒಳಗಿನ ಟಂಗ್‌ಸ್ಟನ್ ತಂತಿ ಸವೆದು ಗಾಜು ಕಪ್ಪಾಗುತ್ತಿತ್ತು. ಇವರು ನೈಟ್ರೋಜನ್, ಆರ್ಗಾನ್ ಅನಿಲ ತುಂಬಿಸಿ ಅದನ್ನು ಸರಿಪಡಿಸಿದರು. ಈ ಕೆಲಸದಲ್ಲೇ ಅನಿಲದ ಅಣುಗಳು ತಂತಿಯ ಮೇಲೆ ಒಂದೇ ಪದರವಾಗಿ ಅಂಟುವುದನ್ನು ಕಂಡರು. ಹೀಗೆ ಮೇಲ್ಮೈಗೆ ಅಂಟುವುದೇ ಅಧಿಶೋಷಣೆ.

ಅಣುಗಳು ಕಣ್ಣಿಗೆ ಕಾಣಲ್ಲ. ಮತ್ತೆ ಲೆಕ್ಕ ಹೇಗೆ? ಚಾಮರಾಜನಗರದ ಬಸ್ಸನ್ನು ನೆನೆಸಿಕೊಳ್ಳಿ. ಸೀಟಿಗೆ ಒಬ್ಬರೇ. ಕೆಲವರು ಹತ್ತುತ್ತಾರೆ, ಕೆಲವರು ಇಳಿಯುತ್ತಾರೆ. ಹತ್ತುವವರೂ ಇಳಿಯುವವರೂ ಸಮನಾದಾಗ ಎಷ್ಟು ಸೀಟು ತುಂಬಿದೆ ಎಂದು ಹೇಳಬಹುದು. ಅನಿಲದ ಒತ್ತಡ ಹೆಚ್ಚಿಸಿದರೆ ಮೊದಲು ಸೀಟು ಬೇಗ ತುಂಬುತ್ತವೆ, ಎಲ್ಲಾ ಭರ್ತಿಯಾದ ಮೇಲೆ ಎಷ್ಟು ಒತ್ತಿದರೂ ಜಾಗ ಇರಲ್ಲ. ಇದನ್ನೇ ಲ್ಯಾಂಗ್‌ಮ್ಯೂರ್ 1918ರಲ್ಲಿ ಒಂದು ಚಿಕ್ಕ ಸಮೀಕರಣವಾಗಿ ಪ್ರಕಟಿಸಿದರು. 1932ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. 1957ರ ಆಗಸ್ಟ್ 16ರಂದು ನಿಧನರಾದರು.

ಈಗ ಸೀಮೆಎಣ್ಣೆಗೆ ಬರೋಣ. ಅದರ ಅಣುಗಳಲ್ಲಿ ಇರೋದು ಹೆಚ್ಚಾಗಿ ಇಂಗಾಲ, ಜಲಜನಕ ಮಾತ್ರ. ಕೆಲವು ಕೋಲಿನಂತೆ ನೇರ, ಕೆಲವು ಕವೆಗೋಲಿನಂತೆ ಕವಲು. ಎರಡನ್ನೂ ಬೇರೆ ಮಾಡೋದು ರಾಗಿಯಿಂದ ರಾಗಿಯಷ್ಟೇ ದಪ್ಪದ ಮರಳನ್ನು ಬೇರೆ ಮಾಡಿದಷ್ಟು ಕಷ್ಟ. ಆದರೆ ಜಿಯೊಲೈಟ್ ಎಂಬ ಪುಡಿಯಲ್ಲಿ ಅತಿ ಸಣ್ಣ ರಂಧ್ರಗಳಿವೆ. ನೇರ ಅಣು ಒಳಗೆ ಹೋಗಿ ಸೀಟು ಹಿಡಿಯುತ್ತದೆ, ಕವಲಿನದು ಹೊರಗೇ ಉಳಿಯುತ್ತದೆ. ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕಕ್ಕೆ ಲ್ಯಾಂಗ್‌ಮ್ಯೂರ್ ಸಮೀಕರಣವೇ ಮೊದಲ ಮೆಟ್ಟಿಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಯಶೋನಾಥ್ ಅವರು ರಂಧ್ರದೊಳಗೆ ಅಣುಗಳ ಓಡಾಟವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು. ರಂಧ್ರದಷ್ಟೇ ದಪ್ಪ ಇರುವ ಅಣು ಕೆಲವೊಮ್ಮೆ ಸಣ್ಣದಕ್ಕಿಂತ ಬೇಗ ಓಡುತ್ತದಂತೆ!

ಇದರಿಂದ ನಮಗೇನು ಅಂತೀರಾ? 1950ರ ದಶಕದಲ್ಲಿ ಕವಲು ಅಣುವಿನ ಸೋಪಿನ ಪುಡಿ ನೀರಿನಲ್ಲಿ ಕೊಳೆಯದೆ ಹೊರದೇಶದ ನದಿಗಳಲ್ಲಿ ನೊರೆ ತುಂಬಿಕೊಂಡಿತ್ತು. ನೇರ ಅಣುವಿನದನ್ನು ಬ್ಯಾಕ್ಟೀರಿಯಾ ತಿಂದು ಕರಗಿಸುತ್ತವೆ. ಅದಕ್ಕೇ ಸೀಮೆಎಣ್ಣೆಯಿಂದ ನೇರ ಅಣುಗಳನ್ನು ಆರಿಸಿ ಪುಡಿ ಮಾಡುತ್ತಾರೆ. ಹಾಗಂತ ಹಳ್ಳಕ್ಕೆ ಬೇಕಾದಷ್ಟು ಸುರಿಯಬಾರದು. ಕೊಳೆಯಲು ದಿನ ಬೇಕು, ಅಷ್ಟರಲ್ಲಿ ಮೀನಿಗೆ ತೊಂದರೆ. ಅದೇ ನೀರು ದನಕರುಗಳೂ ಕಾಡುಪ್ರಾಣಿಗಳೂ ಕುಡಿಯೋದು.

ಕಣ್ಣಿಗೆ ಕಾಣದ್ದನ್ನೂ ಯೋಚಿಸಿ ಲೆಕ್ಕ ಹಾಕಬಹುದೆಂದು ತೋರಿಸಿದ ಈ ಮಹನೀಯರಿಗೆ ನಮ್ಮ ನಮನಗಳು.

– 7ನೇ ತರಗತಿ, ಪುಣಜನೂರು